ಮಲಗ್ಲಿ ಬಿಡ್ರಿ, ಇಳಿತೈತಿ: ಕುಡಿದು ಬಿದ್ದವನ ಮೈಯೊಳಗೆ ಏನು ನಡೆಯುತ್ತದೆ?

ರಾತ್ರಿ ಒಂದೂವರೆ ಇರಬೇಕು. ಗದಗ ರೋಡಿನಲ್ಲಿ ಬೈಕಿನಿಂದ ಬಿದ್ದ ಒಬ್ಬನನ್ನು ಇಬ್ಬರು ಗೆಳೆಯರು ಆಟೋದಲ್ಲಿ ಹಾಕಿಕೊಂಡು ಬಂದರು. ನಾನಾಗ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಕ್ಯಾಜುವಾಲ್ಟಿಯಲ್ಲಿ ಬ್ರದರ್, ಅಂದರೆ ಗಂಡು ನರ್ಸ್. ಹುಬ್ಬಿನ ಮೇಲೆ ಎರಡು ಇಂಚು ಗಾಯ, ಮೊಣಕೈ ತರಚಿದೆ, ಕಾಣೋದು ಅಷ್ಟೇ. ಹತ್ತಿರ ಹೋದರೆ ಗಪ್ ಅಂತ ವಾಸನೆ. ಹೆಸರು ಕೇಳಿದರೆ ಹೇಳುತ್ತಾನೆ, ಊರು ಕೇಳಿದರೆ ಬೈಯುತ್ತಾನೆ, ಆಮೇಲೆ ಕಣ್ಣು ಮುಚ್ಚುತ್ತಾನೆ. "ಏನೂ ಆಗಿಲ್ರಿ ಬ್ರದರ್, ಸ್ವಲ್ಪ ಜಾಸ್ತಿ ಆಗೇತಿ ಅಷ್ಟ. ಮಲಗ್ಲಿ ಬಿಡ್ರಿ, ಇಳಿತೈತಿ" ಅಂದರು ಗೆಳೆಯರು. ನನಗೂ ಹಾಗೇ ಅನ್ನಿಸಿತು. ಹೊಲಿಗೆ ಆಯಿತು, ಸಲೈನ್ ಹಚ್ಚಿದೆವು, ಮೂಲೆಯ ಬೆಡ್ಡಿಗೆ ತಳ್ಳಿದೆವು. ಗೊರಕೆ ಹೊಡೆಯುತ್ತಿದ್ದ. ಕುಡಿದವನು ಗೊರಕೆ ಹೊಡೆಯದೆ ಇನ್ನೇನು ಮಾಡುತ್ತಾನೆ, ಅಲ್ವಾ?

ನಾಲ್ಕು ಗಂಟೆಗೆ ಬಿಪಿ ನೋಡಲು ಹೋದವನು ಸುಮ್ನೆ ಕಣ್ಣಿಗೆ ಟಾರ್ಚ್ ಬಿಟ್ಟೆ. ಎಡಗಣ್ಣಿನ ಪಾಪೆ ಸಣ್ಣದಾಯಿತು. ಬಲಗಣ್ಣಿನದು ದೊಡ್ಡದಾಗಿ ಹಾಗೇ ನಿಂತಿತ್ತು. ಸಿಟಿ ಸ್ಕ್ಯಾನ್ ಮಾಡಿಸಿದರೆ ಬಲಗಡೆ ತಲೆಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ಹೆಪ್ಪುಗಟ್ಟಿ ಮಿದುಳನ್ನು ಒತ್ತುತ್ತಿತ್ತು. ಬೆಳಗಾಗುವ ಮೊದಲೇ ಆಪರೇಷನ್ ಆಯಿತು, ಬದುಕಿದ. ಎಡಗೈ ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಆ ಎರಡೂವರೆ ಗಂಟೆ ನನ್ನ ಖಾತೆಗೆ ಬರಬೇಕಾದದ್ದು. ವಾಸನೆ ಮೂಗಿಗೆ ಬಂದ ಕೂಡಲೇ ನಾನು ಕಣ್ಣು ಮುಚ್ಚಿಬಿಟ್ಟಿದ್ದೆ.

ಕುಡಿದು ಗಾಡಿ ಓಡಿಸಿದರೆ ಬೀಳುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತು, ಅದನ್ನು ಹೇಳೋಕೆ ನಾನು ಬೇಕಾಗಿಲ್ಲ. ನಮ್ಮ ಕಡೆ ರಸ್ತೆ ಅಪಘಾತಗಳಲ್ಲಿ ರಸ್ತೆಯದೂ ದೊಡ್ಡ ಪಾಲಿದೆ, ಹುಬ್ಬಳ್ಳಿ-ಧಾರವಾಡದ ಎರಡೇ ಲೇನ್ ಇದ್ದ ಬೈಪಾಸ್ ವರ್ಷಗಟ್ಟಲೆ ಎಷ್ಟು ಜೀವ ತಿಂದಿದೆ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ಲಿ ಸತ್ತವರೆಲ್ಲ ಕುಡಿದಿದ್ದರು ಅಂದರೆ ಅದು ಪಾಪದ ಮಾತು. ನಾನು ಹೇಳಹೊರಟಿರುವುದು ಬಿದ್ದ ಮೇಲಿನ ಕಥೆ. ಒಂದೇ ಎತ್ತರದಿಂದ, ಒಂದೇ ಸ್ಪೀಡಿನಲ್ಲಿ ಇಬ್ಬರು ಬಿದ್ದರು ಅಂದುಕೊಳ್ಳಿ. ಒಬ್ಬ ಕುಡಿದಿದ್ದಾನೆ, ಇನ್ನೊಬ್ಬ ಕುಡಿದಿಲ್ಲ. ಅಲ್ಲಿಂದ ಮುಂದೆ ಇಬ್ಬರ ದಾರಿ ಹೇಗೆ ಬೇರೆಯಾಗುತ್ತದೆ?

ಮೊದಲು ಸ್ವಲ್ಪ ಲೆಕ್ಕ. ಒಂದು ಕ್ವಾರ್ಟರ್ ಅಂದರೆ 180 ಮಿಲಿ. ವಿಸ್ಕಿ, ರಮ್ಮಿನ ಬಾಟಲಿ ಮೇಲೆ ಸಾಮಾನ್ಯವಾಗಿ 42.8% ಅಂತ ಬರೆದಿರುತ್ತದೆ. ಗುಣಿಸಿ ನೋಡಿದರೆ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್, 90 ಮಿಲಿ ಪಾಕೀಟಿನಲ್ಲಿ ಸುಮಾರು 30. ಅರವತ್ತು ಕೆಜಿ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಬೇಗ ಬೇಗ ಒಂದು ಕ್ವಾರ್ಟರ್ ಮುಗಿಸಿದರೆ ಅವನ 100 ಮಿಲಿ ರಕ್ತದಲ್ಲಿ ಲೆಕ್ಕದ ಪ್ರಕಾರ 150 ಮಿಲಿಗ್ರಾಂ ಹತ್ತಿರ ಹೋಗುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಬಿಡುವುದು 30 ಮಿಲಿಗ್ರಾಂವರೆಗೆ. ಅಂದರೆ ಐದು ಪಟ್ಟು. ಲಿವರ್ ಅದನ್ನು ಇಳಿಸುವುದು ಗಂಟೆಗೆ ಸುಮಾರು 15ರಿಂದ 20 ಮಿಲಿಗ್ರಾಂ, ಅಷ್ಟೇ. ಲಿಂಬು ಹಿಂಡಿ ಕುಡಿಸಿ, ಮಜ್ಜಿಗೆ ಕುಡಿಸಿ, ತಲೆ ಮೇಲೆ ಒಂದು ಕೊಡ ತಣ್ಣೀರು ಸುರಿಯಿರಿ, ಲಿವರ್ ತನ್ನ ನಡಿಗೆ ಬದಲಿಸುವುದಿಲ್ಲ. ಹತ್ತು ಗಂಟೆಗೆ ಕುಡಿದು ಮುಗಿಸಿದವನು ಮೂವತ್ತಕ್ಕೆ ಇಳಿಯಲು ಬೆಳಗಿನ ನಾಲ್ಕು, ಐದು, ಆರು ಗಂಟೆಯೂ ಆಗಬಹುದು.

ಈ ಲೆಕ್ಕ ಯಾಕೆ ಹೇಳಿದೆ ಅಂದರೆ, ನಶೆ ಗಂಟೆ ಗಂಟೆಗೂ ಇಳಿಯಬೇಕು. ಇಳಿದ ಹಾಗೆಲ್ಲ ಮನುಷ್ಯ ಹೆಚ್ಚು ಎಚ್ಚರ ಆಗಬೇಕು. ಬಂದಾಗ ಹೆಸರು ಹೇಳಿದವನು ಎರಡು ಗಂಟೆ ಬಿಟ್ಟು ಹೆಸರು ಹೇಳುತ್ತಿಲ್ಲ ಅಂದರೆ, ಅದು ದಾರೂ ಕೆಲಸ ಅಲ್ಲ. ಒಳಗೆ ಬೇರೆ ಏನೋ ನಡೆದಿದೆ. ಅವತ್ತು ನನಗೆ ಈ ಒಂದು ಮಾತು ನೆನಪಾಗಿದ್ದರೆ ಸಾಕಿತ್ತು.

ಈಗ ಊರ ಮಾತಿಗೆ ಬರೋಣ. "ಕುಡದವ್ಗ ಏನೂ ಆಗಂಗಿಲ್ಲ, ಮೈ ಸಡ್ಲ ಇರ್ತೈತಿ, ದೇವ್ರ ಕಾಯ್ತಾನ." ಚಹಾ ಅಂಗಡಿಯಲ್ಲಿ, ಆಟೋ ಸ್ಟ್ಯಾಂಡಿನಲ್ಲಿ, ಅಷ್ಟೇ ಯಾಕೆ ವಾರ್ಡಿನಲ್ಲೂ ನಾನು ಈ ಮಾತು ಕೇಳಿದ್ದೇನೆ. ಮಹಡಿಯಿಂದ ಬಿದ್ದು ಎದ್ದು ನಡೆದುಕೊಂಡು ಹೋದ ಕುಡುಕನ ಕಥೆ ಪ್ರತಿ ಊರಿನಲ್ಲೂ ಒಂದಿರುತ್ತದೆ. ಎದ್ದು ಹೋಗದವನ ಕಥೆ ಹೇಳೋಕೆ ಯಾರೂ ಇರೋದಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಅಪಘಾತಕ್ಕೆ ಸಿಕ್ಕ ಹತ್ತು ಲಕ್ಷಕ್ಕೂ ಹೆಚ್ಚು ಚಾಲಕರ ದಾಖಲೆ ಇಟ್ಟುಕೊಂಡು ಈ ನಂಬಿಕೆಯನ್ನು ಪರೀಕ್ಷೆ ಮಾಡಿದರು, 1986ರಲ್ಲಿ ಅದು ಪ್ರಕಟವಾಯಿತು. ಗಾಡಿ ಎಷ್ಟು ಜಜ್ಜಿದೆ, ಸೀಟ್ ಬೆಲ್ಟ್ ಹಾಕಿದ್ದರಾ ಅನ್ನೋದನ್ನೆಲ್ಲ ಸಮ ಮಾಡಿ ನೋಡಿದರೂ, ಕುಡಿದಿದ್ದ ಚಾಲಕರಿಗೆ ಗಂಭೀರ ಗಾಯ ಆಗುವುದು, ಸಾಯುವುದು ಹೆಚ್ಚು ಅಂತ ಬಂತು. ಮೈ ಸಡಿಲ ಇದ್ದದ್ದು ಯಾರನ್ನೂ ಕಾಯಲಿಲ್ಲ.

ಆದರೆ ಕಥೆ ಇಷ್ಟು ಸರಳ ಇದ್ದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. 2009ರಲ್ಲಿ ಇನ್ನೊಂದು ಅಧ್ಯಯನ ಬಂತು, ಅದೂ ಅಮೆರಿಕದ್ದೇ. ತಲೆಗೆ ಜೋರು ಪೆಟ್ಟಾಗಿ ಆಸ್ಪತ್ರೆ ಸೇರಿದ 38,019 ಜನರ ದಾಖಲೆ. ರಕ್ತದಲ್ಲಿ ಆಲ್ಕೋಹಾಲ್ ಇದ್ದವರಲ್ಲಿ ಸಾವು ಸ್ವಲ್ಪ ಕಡಿಮೆ! ಪೇಪರುಗಳಿಗೆ ಹಬ್ಬ ಆಗುವ ಸುದ್ದಿ ಇದು. ಅದೇ ಅಧ್ಯಯನದಲ್ಲಿ ಅವರಿಗೆ ಆಸ್ಪತ್ರೆಯಲ್ಲಿ ಆದ ತೊಡಕುಗಳು ಮಾತ್ರ ಜಾಸ್ತಿ ಇದ್ದವು, ಆ ಸಾಲನ್ನು ಓದುವವರು ಕಡಿಮೆ. ಬೇರೆ ಅಧ್ಯಯನಗಳಲ್ಲಿ ಸಾವಿನ ಲೆಕ್ಕ ಸಮ ಬಂದದ್ದೂ ಇದೆ, ಉಲ್ಟಾ ಬಂದದ್ದೂ ಇದೆ.

ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಬ್ಯಾಡಗಿ ಮಾರ್ಕೆಟ್ಟಿಗೆ ಬಂದ ಮೆಣಸಿನಕಾಯಿ ಚೀಲ ನೋಡಿ "ಈ ವರ್ಷ ಬೆಳೆಗೆ ರೋಗವೇ ಬಿದ್ದಿಲ್ಲ" ಅಂದರೆ ರೈತ ನಗುತ್ತಾನೆ. ಹೊಲದಲ್ಲೇ ಮುದುಡಿ ಹೋದದ್ದು ಮಾರ್ಕೆಟ್ಟಿಗೆ ಬರುವುದೇ ಇಲ್ಲವಲ್ಲ. ಆಸ್ಪತ್ರೆಯ ಲೆಕ್ಕ ಶುರುವಾಗುವುದು ಆಸ್ಪತ್ರೆಯ ಬಾಗಿಲಿನಿಂದ. ರಸ್ತೆ ಮೇಲೇ ಸತ್ತವನು ಆ 38 ಸಾವಿರದಲ್ಲಿ ಇಲ್ಲ. ಇನ್ನೊಂದು, ಕುಡಿದು ಬೀಳುವವರಲ್ಲಿ ಗಟ್ಟಿಮುಟ್ಟಾದ ಹರೆಯದ ಗಂಡಸರು ಹೆಚ್ಚು, ಕುಡಿಯದೆ ಬಿದ್ದವರಲ್ಲಿ ಬಚ್ಚಲುಮನೆಯಲ್ಲಿ ಜಾರಿದ ಅಜ್ಜಂದಿರೂ ಇರುತ್ತಾರೆ. ಸಂಶೋಧಕರು ವಯಸ್ಸು, ಗಾಯ ಎಲ್ಲ ಸಮ ಮಾಡಿ ಲೆಕ್ಕ ಹಾಕುತ್ತಾರೆ, ಆದರೂ ಪೂರ್ತಿ ಸಮ ಮಾಡೋದು ಕಷ್ಟ. ಪೆಟ್ಟಾದಾಗ ದೇಹದಲ್ಲಿ ಅಡ್ರಿನಲಿನ್ ಥರದ ರಸಗಳು ಉಕ್ಕುತ್ತವೆ, ಆಲ್ಕೋಹಾಲ್ ಆ ಉಕ್ಕನ್ನು ತಗ್ಗಿಸಿ ಮಿದುಳಿಗೆ ಸ್ವಲ್ಪ ನೆರವಾಗಬಹುದು ಅನ್ನುವ ವಾದವೂ ಇದೆ, ಇಲಿಗಳ ಮೇಲೆ ಸಣ್ಣ ಪ್ರಮಾಣದಲ್ಲಿ ಹಾಗೆ ಕಂಡದ್ದೂ ಉಂಟು. ಇರಲಿ. ಅದು ಇಲಿಯ ಮಾತು. ಅದನ್ನು ಹಿಡಿದುಕೊಂಡು ಒಂದು ನೈಂಟಿ ಹಾಕಿ ಬೈಕ್ ಹತ್ತುವವನಿಗೆ ನನ್ನ ಹತ್ತಿರ ಉತ್ತರ ಇಲ್ಲ.

ನನ್ನ ಅನುಭವದಲ್ಲಿ ಆಲ್ಕೋಹಾಲ್ ಮಾಡುವ ದೊಡ್ಡ ಕೇಡು ಅಂದರೆ ಅದು ಗಾಯವನ್ನು ಬಚ್ಚಿಡುತ್ತದೆ. ಬಿದ್ದವನಿಂದ ಬಚ್ಚಿಡುತ್ತದೆ, ಮನೆಯವರಿಂದ ಬಚ್ಚಿಡುತ್ತದೆ, ನಮ್ಮಂಥ ಡ್ಯೂಟಿಯವರಿಂದಲೂ ಬಚ್ಚಿಡುತ್ತದೆ.

ತಲೆಯಿಂದಲೇ ಶುರು ಮಾಡೋಣ. ಎಚ್ಚರ ಎಷ್ಟಿದೆ ಅಂತ ಅಳೆಯೋಕೆ ಆಸ್ಪತ್ರೆಗಳಲ್ಲಿ ಜಿಸಿಎಸ್ ಅನ್ನುವ ಅಂಕ ಇದೆ, ಗ್ಲಾಸ್ಗೋ ಕೋಮಾ ಸ್ಕೇಲ್, 1974ರಲ್ಲಿ ಗ್ಲಾಸ್ಗೋದ ಇಬ್ಬರು ನರಶಸ್ತ್ರ ತಜ್ಞರು ಮಾಡಿದ್ದು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15. ಯಾವುದಕ್ಕೂ ಸ್ಪಂದಿಸದವನಿಗೂ 3 ಸಿಗುತ್ತದೆ. ಕುಡಿದವನ ತೊದಲು ಮಾತು, ಮುಚ್ಚಿದ ಕಣ್ಣು ಎರಡೂ ಈ ಅಂಕವನ್ನು ಒಂದೆರಡು ಇಳಿಸುತ್ತವೆ ನಿಜ. ಆದರೆ ಸಾಮಾನ್ಯ ಕುಡಿತ ಒಂದೇ ಅದನ್ನು ತೀರ ಕೆಳಗೆ ತಳ್ಳುವುದಿಲ್ಲ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದಕ್ಕೇ ಡಾಕ್ಟರುಗಳಿಗೆ ಕಲಿಸುವ ಪಾಠ ಒಂದೇ: ತಲೆಗೆ ಪೆಟ್ಟಾಗಿ ಮಂಪರಿನಲ್ಲಿದ್ದರೆ, ಎಷ್ಟೇ ವಾಸನೆ ಬರಲಿ, ಅದು ಪೆಟ್ಟಿನದು ಅಂತಲೇ ಹಿಡಿ. ಸ್ಕ್ಯಾನ್ ಆಗಿ ಏನೂ ಇಲ್ಲ ಅಂತ ಗೊತ್ತಾದ ಮೇಲೆ ದಾರೂ ಮೇಲೆ ಹಾಕು.

ನಮ್ಮ ಗದಗ ರೋಡಿನ ಮನುಷ್ಯನಿಗೆ ಆದದ್ದು ಹೊದಿಕೆಯ ಹೊರಗಿನ ರಕ್ತಸ್ರಾವ. ಕಿವಿಯ ಮೇಲಿನ ತೆಳು ಎಲುಬು ಸೀಳಿ, ಅದಕ್ಕೆ ಅಂಟಿಕೊಂಡ ರಕ್ತನಾಳ ಹರಿದು, ರಕ್ತ ತುಂಬುತ್ತಾ ಹೋಗುತ್ತದೆ. ಇದರಲ್ಲಿ ಒಂದು ಮೋಸ ಇದೆ. ಮೊದಲ ಒಂದೆರಡು ಗಂಟೆ ಮನುಷ್ಯ ಚೆನ್ನಾಗೇ ಮಾತಾಡಬಹುದು. ಆಮೇಲೆ ನಿದ್ದೆ ಬಂದ ಹಾಗೆ ಜಾರುತ್ತಾನೆ. ಕುಡಿಯದವನು ಹಾಗೆ ಜಾರಿದರೆ ಮನೆಯವರು ಗಾಬರಿಯಾಗಿ ಓಡಿ ಬರುತ್ತಾರೆ. ಕುಡಿದವನಿಗೆ ಕೌದಿ ಹೊದಿಸಿ ಲೈಟ್ ಆರಿಸುತ್ತಾರೆ.

ವರ್ಷಗಟ್ಟಲೆ ಕುಡಿದವರದು ಇನ್ನೊಂದು ಬಗೆ. ಅವರ ಮಿದುಳು ಸ್ವಲ್ಪ ಕುಗ್ಗಿರುತ್ತದೆ. ಮಿದುಳಿನಿಂದ ಹೊದಿಕೆಗೆ ಹೋಗುವ ಸಣ್ಣ ನರಗಳು, ಅಂದರೆ ರಕ್ತದ ಸಣ್ಣ ಕೊಳವೆಗಳು, ಜಗ್ಗಿದ ದಾರದ ಹಾಗೆ ಬಿಗಿಯಾಗಿರುತ್ತವೆ. ಸಣ್ಣ ಪೆಟ್ಟು ಸಾಕು, ಕಟ್ಟೆಯಿಂದ ಜಾರಿ ಕುಂತದ್ದೂ ಸಾಕು, ಒಂದು ದಾರ ಹರಿಯುತ್ತದೆ. ರಕ್ತ ಹನಿ ಹನಿಯಾಗಿ ಸೇರಿ, ಎರಡು ಮೂರು ವಾರ ಬಿಟ್ಟು ಮನುಷ್ಯ ಮಂಕಾಗುತ್ತಾನೆ, ನಡೆಯುವಾಗ ಒಂದು ಕಾಲು ಎಳೆಯುತ್ತಾನೆ, ಲುಂಗಿಯಲ್ಲೇ ಮೂತ್ರ ಮಾಡಿಕೊಳ್ಳುತ್ತಾನೆ. "ಈಗೀಗ ಭಾಳ ಕುಡಿಯಾಕತ್ತಾನ" ಅನ್ನುತ್ತಾರೆ ಮನೆಯಲ್ಲಿ. ಬಿದ್ದದ್ದು ಯಾರಿಗೂ ನೆನಪಿರೋದಿಲ್ಲ, ಅವನಿಗಂತೂ ಇರೋದೇ ಇಲ್ಲ.

ಕುತ್ತಿಗೆಯದೂ ಹೀಗೇ. ಕುತ್ತಿಗೆಯ ಎಲುಬಿಗೆ ಏನೂ ಆಗಿಲ್ಲ ಅಂತ ಎಕ್ಸ್‌ರೇ ಇಲ್ಲದೆ ಹೇಳೋಕೆ ಡಾಕ್ಟರುಗಳ ಹತ್ತಿರ ಐದು ಪ್ರಶ್ನೆಗಳ ಒಂದು ನಿಯಮ ಇದೆ, 2000ದಲ್ಲಿ 34,069 ರೋಗಿಗಳ ಮೇಲೆ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಂಡದ್ದು. ಆ ಐದರಲ್ಲಿ ಒಂದು ಪ್ರಶ್ನೆ, ಮನುಷ್ಯ ನಶೆಯಲ್ಲಿದ್ದಾನಾ? ಹೌದು ಅಂತಾದರೆ ಆ ನಿಯಮ ಅಲ್ಲಿಗೇ ಮುಗಿಯಿತು, ಎಕ್ಸ್‌ರೇ ಅಥವಾ ಸ್ಕ್ಯಾನ್ ಬೇಕೇ ಬೇಕು. ಯಾಕೆಂದರೆ "ನೋವಿಲ್ಲ" ಅಂತ ಅವನು ಹೇಳುವ ಮಾತಿಗೆ ಆಗ ಬೆಲೆ ಇಲ್ಲ. ಕುತ್ತಿಗೆ ಅಲುಗದ ಹಾಗೆ ಕಾಲರ್ ಪಟ್ಟಿ ಹಾಕಿದರೆ ಕಿತ್ತು ಎಸೆಯುತ್ತಾನೆ, ನಮ್ಮ ಮೇಲೆ ಕೈ ಎತ್ತುತ್ತಾನೆ. ಆಗ ಸಿಟ್ಟು ಬರುತ್ತದೆ, ಬರದೇ ಇರುತ್ತಾ? ಆದರೂ ಆ ಕಾಲರ್ ಮತ್ತೆ ಹಾಕಬೇಕು.

ಹೊಟ್ಟೆಯಲ್ಲಿ ಆದದ್ದೊಂದು ನಾನು ಮರೆಯೋದಿಲ್ಲ. ಟ್ರ್ಯಾಕ್ಟರ್ ಟ್ರಾಲಿಯ ಅಂಚಿಗೆ ಕೆಳಹೊಟ್ಟೆ ಬಡಿದುಕೊಂಡು ಬಿದ್ದ ಒಬ್ಬ ಹುಡುಗ, ಇಪ್ಪತ್ತೈದರ ಒಳಗೆ. ರಾತ್ರಿ ಬಿದ್ದದ್ದು. ಬೆಳಗಿನವರೆಗೆ ಮನೆಯಲ್ಲೇ ಮಲಗಿದ್ದ. ಹೊರಗೆ ಒಂದು ಗೆರೆ ಗಾಯ ಇರಲಿಲ್ಲ. ನಶೆ ಇಳಿದ ಮೇಲೆ ಹೊಟ್ಟೆ ಉಬ್ಬಿ ನೋವು ಶುರುವಾಯಿತು, ಮೂತ್ರ ಮಾತ್ರ ಬರುತ್ತಿಲ್ಲ. ಕುಡಿದವನ ಮೂತ್ರಚೀಲ ತುಂಬಿರುತ್ತದೆ, ಆಲ್ಕೋಹಾಲ್ ಮೂತ್ರ ಹೆಚ್ಚಿಸುತ್ತದೆ ಮತ್ತು ಹೋಗಬೇಕು ಅನ್ನುವ ಎಚ್ಚರ ಕಡಿಮೆ ಮಾಡುತ್ತದೆ. ಖಾಲಿ ಚೀಲ ಸೊಂಟದ ಎಲುಬಿನ ಒಳಗೆ ಅಡಗಿ ಕೂತಿರುತ್ತದೆ. ತುಂಬಿದ್ದು ಮೇಲೆ ಬಂದಿರುತ್ತದೆ, ನೀರು ತುಂಬಿದ ಬಲೂನಿಗೆ ಗುದ್ದಿದ ಹಾಗೆ ಟಪ್ ಅಂತ ಒಡೆಯುತ್ತದೆ. ಮೂತ್ರವೆಲ್ಲ ಹೊಟ್ಟೆಯೊಳಗೆ. ಆಪರೇಷನ್ ಮಾಡಿ ಹೊಲಿದರು. ಅದೇ ಟ್ರಾಲಿ, ಅದೇ ಪೆಟ್ಟು, ಚೀಲ ಖಾಲಿ ಇದ್ದಿದ್ದರೆ ಬಹುಶಃ ಒಂದು ಬಾವಿನಲ್ಲಿ ಮುಗಿಯುತ್ತಿತ್ತು.

ರಕ್ತ ಹೋಗುತ್ತಿರುವಾಗ ದೇಹ ಏನು ಮಾಡುತ್ತದೆ ಅಂದರೆ ಕೈಕಾಲಿನ ರಕ್ತನಾಳಗಳನ್ನು ಬಿಗಿ ಹಿಡಿದು ಹೃದಯಕ್ಕೆ, ಮಿದುಳಿಗೆ ರಕ್ತ ಉಳಿಸುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಹೊಲದ ಕಾಲುವೆ ಮುಚ್ಚಿ ಕುಡಿಯುವ ನೀರು ಉಳಿಸಿಕೊಂಡ ಹಾಗೆ. ಆಲ್ಕೋಹಾಲ್ ಆ ಬಿಗಿಯನ್ನು ಸಡಿಲ ಮಾಡುತ್ತದೆ. ಚರ್ಮದ ನಾಳಗಳು ತೆರೆದೇ ಇರುತ್ತವೆ, ಬಿಪಿ ಬೇಗ ಕುಸಿಯುತ್ತದೆ. ಮೂತ್ರ ಚೆನ್ನಾಗಿ ಬರುತ್ತಿದೆ ಅಂದರೆ ಸಾಮಾನ್ಯವಾಗಿ ನಮಗೆ ಸಮಾಧಾನ, ರಕ್ತ ಸಾಕಷ್ಟಿದೆ ಅಂತ. ಕುಡಿದವನಲ್ಲಿ ಆ ಸಮಾಧಾನವೂ ಸುಳ್ಳಾಗಬಹುದು, ಅದು ದಾರೂ ತರಿಸಿದ ಮೂತ್ರ. ರಕ್ತದಲ್ಲಿ ಲ್ಯಾಕ್ಟೇಟ್ ಅನ್ನುವ ಅಂಶ ನೋಡಿ ಶಾಕ್, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿ, ಎಷ್ಟಿದೆ ಅಂತ ಅಂದಾಜು ಮಾಡುತ್ತಾರೆ, ಅದನ್ನೂ ಆಲ್ಕೋಹಾಲ್ ತಾನೇ ಏರಿಸಿಬಿಡಬಹುದು. ಅಳೆಯುವ ತಕ್ಕಡಿಗೇ ಕಲ್ಲು ಕಟ್ಟಿದ ಹಾಗೆ.

ಜೊತೆಗೆ ಚಳಿ. "ಕುಡದ್ರ ಮೈ ಬಿಸಿ ಆಗ್ತೈತಿ" ಅನ್ನೋದು ಚರ್ಮದ ಮಟ್ಟಿಗೆ ನಿಜ, ಒಳಗಿನ ಬಿಸಿ ಹೊರಗೆ ಸೋರಿಹೋಗುತ್ತಿರುತ್ತದೆ ಅಷ್ಟೇ. ಧಾರವಾಡದ ಡಿಸೆಂಬರ್ ರಾತ್ರಿಯಲ್ಲಿ ರಸ್ತೆ ಪಕ್ಕದ ಗಟಾರದಲ್ಲಿ ಮೂರು ತಾಸು ಬಿದ್ದವನ ಮೈ ಮುಟ್ಟಿ ನೋಡಿದವರಿಗೆ ಗೊತ್ತು. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ನಿಧಾನ. ಅದರ ಮೇಲೆ ಆಲ್ಕೋಹಾಲ್ ಪ್ಲೇಟ್‌ಲೆಟ್ ಕೆಲಸವನ್ನೂ ಕೆಡಿಸುತ್ತದೆ. ವರ್ಷಗಟ್ಟಲೆ ಕುಡಿದು ಲಿವರ್ ಕೆಟ್ಟವನಾದರೆ ಹೆಪ್ಪುಗಟ್ಟಿಸುವ ಸರಕೇ ಅವನಲ್ಲಿ ಕಡಿಮೆ ಇರುತ್ತದೆ. ಹೊಲಿಗೆ ಹಾಕಿದರೂ ಜಿನುಗುತ್ತಲೇ ಇರುತ್ತದೆ.

ಉಸಿರಿನ ಮಾತು ಚಿಕ್ಕದು, ಆದರೆ ದಾರಿಯಲ್ಲೇ ಜೀವ ಹೋಗುವುದು ಇದರಿಂದ. ಹೊಟ್ಟೆ ತುಂಬ ದಾರೂ, ಮೇಲೆ ಢಾಬಾದ ಎಗ್ ರೈಸ್. ವಾಂತಿ ಬರುತ್ತದೆ. ಅಂಗಾತ ಮಲಗಿಸಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ತಡೆಯುವ ಕೆಮ್ಮು ನಶೆಯಲ್ಲಿ ಸತ್ತಿರುತ್ತದೆ. ತಲೆ, ಕುತ್ತಿಗೆ, ಬೆನ್ನು ಒಂದೇ ಮರದ ಹಲಗೆಯ ಹಾಗೆ ಹಿಡಿದು ಮೈಯನ್ನು ಮಗ್ಗುಲಿಗೆ ಹೊರಳಿಸಿ, 108ಕ್ಕೆ ಫೋನ್ ಮಾಡಿ. ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ಮಜ್ಜಿಗೆ ಕುಡಿಸಿ ನಶೆ ಇಳಿಸಿಕೊಂಡು ಬಂದಿದ್ದೇವೆ ಅಂತ ಹೆಮ್ಮೆಯಿಂದ ಹೇಳಿದವರನ್ನು ನೋಡಿದ್ದೇನೆ, ಆ ಮಜ್ಜಿಗೆಯನ್ನೇ ಆಮೇಲೆ ಗಂಟಲಿನಿಂದ ಸಕ್ಷನ್ ಹಾಕಿ ತೆಗೆದಿದ್ದೇವೆ. ಅರಿವಳಿಕೆ ಕೊಡುವ ಡಾಕ್ಟರಿಗೂ ಇದು ತಲೆನೋವು. ಅವತ್ತು ಮಾತ್ರ ಕುಡಿದವನಿಗೆ ಔಷಧಿ ಸ್ವಲ್ಪದಲ್ಲೇ ಹೆಚ್ಚಾಗಬಹುದು, ದಿನಾ ಕುಡಿಯುವವನಿಗೆ ಅದೇ ಔಷಧಿ ಸಾಲದೇ ಹೋಗಬಹುದು.

ದಿನಾ ಕುಡಿಯುವವನು ಅಂದೆನಲ್ಲ, ಅವನ ನಿಜವಾದ ಪರೀಕ್ಷೆ ಶುರುವಾಗುವುದು ಆಸ್ಪತ್ರೆ ಸೇರಿ ಎರಡು ಮೂರು ದಿನ ಆದ ಮೇಲೆ. ಎಲ್ಲ ಮುಗಿಯಿತು, ಎಲುಬು ಕೂಡಿಸಿದರು, ಇನ್ನು ಮನೆಗೆ ಹೋಗುವುದೇ ಅಂತ ಎಲ್ಲರೂ ಅಂದುಕೊಂಡಾಗ.

ಶಿರಹಟ್ಟಿ ಕಡೆಯ ಕುರಿ ಕಾಯುವ ಒಬ್ಬ, ಐವತ್ತರ ಹತ್ತಿರ. ತೊಡೆಯ ಎಲುಬು ಮುರಿದಿತ್ತು. ಬಂದ ದಿನ ಹೆಂಡತಿಯನ್ನು ಕೇಳಿದೆವು, ಕುಡಿಯುತ್ತಾರಾ? "ಇಲ್ರಿ, ಮುಟ್ಟಂಗಿಲ್ಲ." ಎರಡನೇ ದಿನ ಬೆಳಗ್ಗೆ ಚಹಾದ ಕಪ್ಪು ಹಿಡಿದ ಕೈ ನಡುಗುತ್ತಿತ್ತು, ಬಸಿಗೆ ಕಟಕಟ ಅಂತಿತ್ತು. ಬೆವರು. ಜ್ವರ ಇರಬಹುದು ಅಂದುಕೊಂಡೆವು. ಮೂರನೇ ದಿನ ಸಂಜೆ ಹೊದಿಕೆಯ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ಹಾಕತೊಡಗಿದ. ಆಮೇಲೆ ಕೂಗಲು ಶುರು: "ಕುರಿ ಒಳಗ ಬಂದಾವ, ಹೊರಗ ಹೊಡೀರಿ, ಏ ಹಾ ಹಾ." ಮುರಿದ ಕಾಲು ಊರಿ ಮಂಚ ಇಳಿಯಲು ಹೊರಟ. ನಾಲ್ಕು ಜನ ಹಿಡಿದರೂ ನಿಲ್ಲಲಿಲ್ಲ. ಮನೆಯವರು ಗಾಳಿ ಸೋಕಿದೆ ಅಂದರು, ಒಬ್ಬರು ಭಂಡಾರ ತಂದು ಹಣೆಗೆ ಹಚ್ಚಿದರು. ಹಚ್ಚಲಿ, ಅದಕ್ಕೆ ನನ್ನದೇನೂ ತಕರಾರಿಲ್ಲ. ಕೊನೆಗೆ ಅವನ ತಾಯಿ, ಬಾಗಿಲ ಹತ್ತಿರ ಕೂತಿದ್ದ ಮುದುಕಿ, ಯಾರಿಗೂ ಕೇಳದ ಹಾಗೆ ನನಗೆ ಹೇಳಿತು: "ಮುಂಜಾನೆ ಒಂದ್ ಪಾಕೀಟ ಇಲ್ದ ಎದ್ದ ಕುಂದ್ರಂಗಿಲ್ಲಪ್ಪ ಅಂವ. ರಾತ್ರಿ ಎರಡ." ದಿನಕ್ಕೆ ಮೂರು ನೈಂಟಿ. ಸುಮಾರು 90 ಗ್ರಾಂ ಆಲ್ಕೋಹಾಲ್, ಪ್ರತಿ ದಿನ, ಎಷ್ಟೋ ವರ್ಷದಿಂದ.

ಇದರೊಳಗಿನ ಯಂತ್ರ ಹೀಗಿದೆ. ಆಲ್ಕೋಹಾಲ್ ಮಿದುಳಿಗೆ ಬ್ರೇಕ್. ದಿನಾ ಬ್ರೇಕ್ ಒತ್ತಿ ಹಿಡಿದರೆ ಮಿದುಳು ತನ್ನ ಕೆಲಸ ನಡೆಸಲು ಎಕ್ಸಲೇಟರ್ ಜಾಸ್ತಿ ಒತ್ತಲು ಕಲಿಯುತ್ತದೆ. ಆಸ್ಪತ್ರೆ ಸೇರಿದ ದಿನ ಬ್ರೇಕಿನಿಂದ ಕಾಲು ತೆಗೆದಂತಾಯಿತು, ಎಕ್ಸಲೇಟರ್ ಹಾಗೇ ಇದೆ. ಕೊನೆಯ ಗುಟುಕು ಕುಡಿದ ಆರು ಗಂಟೆಯಿಂದ ಒಂದು ದಿನದೊಳಗೆ ನಡುಕ, ಬೆವರು, ನಿದ್ದೆ ಇಲ್ಲ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನದಲ್ಲಿ. ಎರಡರಿಂದ ನಾಲ್ಕನೇ ದಿನದ ನಡುವೆ ಈ ಕುರಿಗಳು, ಹುಳಗಳು, ಸತ್ತ ಬಂಧುಗಳು ಕಾಣುವ ಹಂತ, ಡೆಲಿರಿಯಂ ಟ್ರೆಮೆನ್ಸ್. ಎಲ್ಲರಿಗೂ ಇಷ್ಟು ಜೋರಾಗಿ ಬರುವುದಿಲ್ಲ. ಬಂದರೆ ನಾಡಿ ಓಡುತ್ತದೆ, ಬಿಪಿ ಏರುತ್ತದೆ, ಜ್ವರ ಬರುತ್ತದೆ, ಗಮನಿಸದಿದ್ದರೆ ಪ್ರಾಣವೂ ಹೋಗಬಹುದು. ಹೊಲಿದ ಗಾಯ, ಕೂಡಿಸಿದ ಎಲುಬು ಈ ಒದ್ದಾಟದಲ್ಲಿ ಕಿತ್ತುಹೋಗುತ್ತವೆ.

ಮೊದಲೇ ಗೊತ್ತಿದ್ದರೆ ಇದಕ್ಕೆ ಔಷಧಿ ಇದೆ. ಲೊರಾಜೆಪಾಮ್, ಡಯಾಜೆಪಾಮ್ ಜಾತಿಯವನ್ನು ಲೆಕ್ಕದಲ್ಲಿ ಕೊಟ್ಟು ನಿಧಾನ ಇಳಿಸುತ್ತಾರೆ. ಜೊತೆಗೆ ಬಿ1 ವಿಟಮಿನ್, ಥಯಾಮಿನ್. ದಿನಾ ಕುಡಿಯುವವರ ಮೈಯಲ್ಲಿ ಇದು ಬರಿದಾಗಿರುತ್ತದೆ, ಹಾಗಿರುವಾಗ ಬರೀ ಗ್ಲೂಕೋಸ್ ಬಾಟಲಿ ಏರಿಸುತ್ತಾ ಹೋದರೆ ಉಳಿದಿದ್ದ ಚೂರು ಬಿ1 ಕೂಡ ಖರ್ಚಾಗಿ ಮಿದುಳಿಗೆ ಶಾಶ್ವತ ಹಾನಿ ಆಗಬಹುದು. ಗೊತ್ತಿಲ್ಲದಿದ್ದರೆ ಡಾಕ್ಟರ್ ಕತ್ತಲಲ್ಲಿ ತಡಕಾಡುತ್ತಾರೆ. ತೊಡೆ ಮುರಿದವನು ಅದೇ ಎರಡು ಮೂರನೇ ದಿನ ಗಲಿಬಿಲಿಯಾದರೆ ಎಲುಬಿನ ಕೊಬ್ಬು ರಕ್ತಕ್ಕೆ ಸೇರಿರಬಹುದು, ಸೋಡಿಯಂ ಇಳಿದಿರಬಹುದು, ಸೋಂಕಿರಬಹುದು, ತಲೆಯಲ್ಲಿ ಯಾರೂ ನೋಡದ ರಕ್ತ ಇರಬಹುದು. ಪ್ರತಿಯೊಂದಕ್ಕೂ ದಾರಿ ಬೇರೆ. ಇನ್ನು ಕೆಲವರು ಟಿಫಿನ್ ಡಬ್ಬಿಯಲ್ಲಿ ಪಾಕೀಟು ಬಚ್ಚಿಟ್ಟು ತಂದು ಒಂದು ಗುಟುಕು ಹಾಕಿಸುತ್ತಾರೆ, ಪ್ರೀತಿಯಿಂದಲೇ. ಮೇಲೆ ನಿದ್ದೆಯ ಇಂಜೆಕ್ಷನ್ ಹೋಗಿರುತ್ತದೆ, ಎರಡೂ ಸೇರಿದರೆ ಉಸಿರು ನಿಲ್ಲಬಹುದು.

ಮುಂದಿನ ವಾರಗಳದ್ದು ಬೇಗ ಹೇಳಿ ಮುಗಿಸುತ್ತೇನೆ. ಆಲ್ಕೋಹಾಲ್ ಬಿಳಿ ರಕ್ತಕಣಗಳನ್ನು ಮಂಕು ಮಾಡುತ್ತದೆ. ಹಾಗಾಗಿ ನ್ಯುಮೋನಿಯಾ ಹೆಚ್ಚು, ಗಾಯ ಕೀವಾಗುವುದು ಹೆಚ್ಚು. ಎಲುಬು ಕಟ್ಟುವ ಜೀವಕೋಶಗಳೂ ಸೋಮಾರಿಯಾಗುತ್ತವೆ, ಮೂರು ತಿಂಗಳಿಗೆ ಕೂಡಬೇಕಾದದ್ದು ಆರು ತಿಂಗಳಾದರೂ ಕೂಡದೆ ಉಳಿಯಬಹುದು. ರಾಡು ಹಾಕಿದ ಡಾಕ್ಟರನ್ನು ಬೈಯುವ ಮೊದಲು ಪ್ಲಾಸ್ಟರ್ ಹಾಕಿಕೊಂಡೇ ಅಂಗಡಿಗೆ ಹೋದವರು ಯಾರು ಅಂತಲೂ ಒಮ್ಮೆ ಕೇಳಿಕೊಳ್ಳಬೇಕು.

ಹಾಗಾದರೆ ಮನೆಯವರು ಯಾಕೆ ಸುಳ್ಳು ಹೇಳುತ್ತಾರೆ? ಅಪಘಾತದ ಕೇಸೆಲ್ಲ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ-ಲೀಗಲ್ ಕೇಸ್ ಆಗುತ್ತದೆ, ಪೊಲೀಸರು ಬರುತ್ತಾರೆ. ಕುಡಿದಿದ್ದ ಅಂತ ಬರೆದರೆ ವಿಮೆ ಸಿಗದೇ ಹೋಗಬಹುದು, ಎಷ್ಟೋ ಪಾಲಿಸಿಗಳಲ್ಲಿ ಆ ಷರತ್ತು ಇದ್ದೇ ಇದೆ. ಮಾನದ ಪ್ರಶ್ನೆ ಬೇರೆ. ಈ ಭಯ ಸುಳ್ಳು ಅಂತ ನಾನು ಹೇಳೋದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ವಾಸನೆ ಬಂದದ್ದನ್ನು ಡಾಕ್ಟರ್ ಹೇಗೂ ಬರೆಯುತ್ತಾರೆ, ರಕ್ತ ತೆಗೆದರೆ ಅದೂ ಹೇಳುತ್ತದೆ. ನಿಮ್ಮ ಸುಳ್ಳಿನಿಂದ ಮುಚ್ಚಿಹೋಗುವುದು ಒಂದೇ ಸಂಗತಿ, ದಿನಾ ಕುಡಿಯುತ್ತಾನೆ ಅನ್ನೋದು. ಮೂರನೇ ದಿನಕ್ಕೆ ಬೇಕಾಗಿದ್ದೂ ಅದೇ. ಹಾಗಾಗಿ ಪೊಲೀಸರಿಲ್ಲದಾಗ, ಡಾಕ್ಟರನ್ನೋ ನರ್ಸನ್ನೋ ಪಕ್ಕಕ್ಕೆ ಕರೆದು ಹೇಳಿ: ಏನು ಕುಡಿಯುತ್ತಾನೆ, ದಿನಕ್ಕೆ ಎಷ್ಟು, ಕೊನೆಯದು ಎಷ್ಟು ಗಂಟೆಗೆ, ಬಿಟ್ಟಾಗ ಹಿಂದೆ ಯಾವಾಗಲಾದರೂ ನಡುಕ, ಫಿಟ್ಸ್ ಬಂದಿತ್ತಾ. ಅರ್ಧ ನಿಮಿಷದ ಮಾತು.

ನಮ್ಮ ಕಡೆಯ ತಪ್ಪೂ ಇದೆ. ಗಾಯ ಹೊಲಿದು, ಎಲುಬು ಕೂಡಿಸಿ, ಕುಡಿತದ ಬಗ್ಗೆ ಒಂದು ಮಾತಾಡದೆ ಡಿಸ್ಚಾರ್ಜ್ ಕೊಟ್ಟು ಕಳಿಸುತ್ತೇವೆ. ಅಮೆರಿಕದ ಸಿಯಾಟಲ್‌ನ ಒಂದು ಟ್ರಾಮಾ ಆಸ್ಪತ್ರೆಯಲ್ಲಿ, ಕುಡಿತದ ತೊಂದರೆ ಇದ್ದ 762 ಗಾಯಾಳುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಹತ್ತಿರ ಅರ್ಧ ಗಂಟೆ ಕೂತು ಮಾತಾಡಿದರು, ಬೈಯದೆ, ಉಪದೇಶ ಮಾಡದೆ. ತಿಂಗಳ ನಂತರ ಒಂದು ಪತ್ರ ಬರೆದರು. ಅಷ್ಟೇ. 1999ರಲ್ಲಿ ಫಲಿತಾಂಶ ಬಂತು: ಮಾತಾಡಿಸಿದವರು ಮತ್ತೆ ಗಾಯಗೊಂಡು ಆಸ್ಪತ್ರೆಗೆ ಬರುವುದು ಸುಮಾರು ಅರ್ಧದಷ್ಟು ಕಡಿಮೆ ಆಗಿತ್ತು. ಆಮೇಲೆ ಅಲ್ಲಿನ ದೊಡ್ಡ ಟ್ರಾಮಾ ಸೆಂಟರ್‌ಗಳಿಗೆ ಕುಡಿತದ ಬಗ್ಗೆ ಕೇಳುವುದನ್ನೇ ಕಡ್ಡಾಯ ಮಾಡಿದರು. ಅರ್ಧ ಗಂಟೆ ನಮ್ಮ ವಾರ್ಡುಗಳಲ್ಲಿ ಎಲ್ಲಿಂದ ತರೋಣ ಅಂತ ನೀವು ಕೇಳಬಹುದು, ನಾನೂ ಕೇಳಿದವನೇ. ಗದಗ, ಹಾವೇರಿ, ಕೊಪ್ಪಳದಿಂದ ಬರುವ ಕೇಸುಗಳ ನಡುವೆ ಊಟಕ್ಕೇ ಅರ್ಧ ಗಂಟೆ ಸಿಗೋದಿಲ್ಲ. ಆದರೂ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಕುಡಿತ ಬಿಡಿಸುವ ಚಿಕಿತ್ಸೆ ಅಲ್ಲಿ ಸಿಗುತ್ತದೆ, ಅದನ್ನು ಒಂದು ಚೀಟಿಯಲ್ಲಿ ಬರೆದು ಕೊಡೋಕೆ ಅರ್ಧ ನಿಮಿಷ ಸಾಕು.

ಕುರಿ ಕಾಯುವವನಿಗೆ ಐದನೇ ದಿನ ತಲೆ ತಿಳಿಯಾಯಿತು. ಹೋಗುವ ದಿನ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಕೇಳಿದೆ, ಯಾವಾಗಿಂದ, ಎಷ್ಟು, ಮುಂಜಾನೆ ಯಾಕೆ ಬೇಕಾಗುತ್ತದೆ ಅಂತ. ಒಂದೂ ಬಿಡದೆ ಹೇಳಿದ. ಹೆಂಡತಿ ಕಿಟಕಿ ಕಡೆ ಮುಖ ಮಾಡಿ ನಿಂತಿದ್ದಳು. ಎಲ್ಲ ಹೇಳಿ ಮುಗಿಸಿ, "ಬಂದ್ ದಿನಾನ ಹಿಂಗ ಕೇಳಿದ್ರ ಅವತ್ತ ಹೇಳ್ತಿದ್ನಲ್ರಿ" ಅಂದ.

ಬಂದ ದಿನ ಅವನನ್ನೂ ಕೇಳಿದ್ದೆವು. ಸ್ಟ್ರೆಚರ್ ಮೇಲೆ, ಕಾನ್‌ಸ್ಟೇಬಲ್ ಪಕ್ಕದಲ್ಲೇ ನಿಂತಿರುವಾಗ, ಹತ್ತು ಜನರ ಮುಂದೆ, "ಏ, ಕುಡದಿಯೇನ?" ಅಂತ.